ಡ್ಯುಯಲ್ ಝಿಯಾನ್ ಪಿಸಿ ಕಟ್ಟುತ್ತೀರಾ? ಮೊದಲು ಮದರ್‌ಬೋರ್ಡ್ ನೋಡಿ

ಎರಡು ಪ್ರೊಸೆಸರ್‌ನ ಪಿಸಿ ಕಟ್ಟಬೇಕು ಅಂತ ಮನಸ್ಸು ಮಾಡಿದವರು ಮೊದಲು ಕೊಳ್ಳುವುದು ಪ್ರೊಸೆಸರನ್ನೇ. ಹಳೆಯ ಸರ್ವರ್‌ಗಳಿಂದ ಬಿಚ್ಚಿದ ಇಂಟೆಲ್ ಝಿಯಾನ್ ಚಿಪ್‌ಗಳು ಕಡಿಮೆ ದುಡ್ಡಿಗೆ ಸಿಗುತ್ತವಲ್ಲ, ಕೈ ತಡೆಯುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಚಿಪ್ ಇವತ್ತಲ್ಲ ನಾಳೆ ಸಿಗುತ್ತದೆ, ಒಳ್ಳೆಯ ಬೋರ್ಡ್ ಸಿಗುವುದೇ ಕಷ್ಟ. ರ‍್ಯಾಮ್, ಕೂಲರ್, ಕ್ಯಾಬಿನೆಟ್, ಕರೆಂಟ್ ಕೊಡುವ ಎಸ್‌ಎಂಪಿಎಸ್ ಎಲ್ಲವೂ ಬೋರ್ಡ್‌ಗೆ ತಕ್ಕಂತೆಯೇ ಬರಬೇಕು.

ಗೇಮ್ ಆಡುವುದಕ್ಕೆ ಇದು ಬೇಡವೇ ಬೇಡ. ಎಎಂಡಿ ಕಂಪನಿಯ ರೈಜೆನ್ 9 7950ಎಕ್ಸ್‌ನಂಥ ಒಂದೇ ಚಿಪ್‌ನಲ್ಲಿ 16 ಕೋರ್ (ಲೆಕ್ಕ ಮಾಡುವ ಘಟಕ) ಇವೆ, ಅದರ ಒಂದೊಂದು ಕೋರ್ ಕೂಡ ಹಳೆಯ ಝಿಯಾನ್‌ಗಿಂತ ಎಷ್ಟೋ ಜೋರು. ಹತ್ತಾರು ವರ್ಚುವಲ್ ಮಷೀನ್ (ಒಂದೇ ಪಿಸಿಯೊಳಗೆ ಬೇರೆ ಪಿಸಿಗಳಂತೆ ಓಡುವಂಥವು) ಓಡಿಸುವವರು, 128 ಅಥವಾ 256 ಜಿಬಿ ರ‍್ಯಾಮ್ ನಿಜವಾಗಿಯೂ ಬೇಕಾದವರು, ಮೂರ್ನಾಲ್ಕು ಕಾರ್ಡ್ ಒಟ್ಟಿಗೆ ಹಾಕುವವರು ಮುಂದೆ ಓದಿ.

ನಾನು ಹೇಳುವುದು ಝಿಯಾನ್ ಇ5-2600 ವಿ3 ಮತ್ತು ವಿ4 ಬಗ್ಗೆ. ವಿ3 ಬಂದಿದ್ದು 2014ರಲ್ಲಿ, ವಿ4 2016ರಲ್ಲಿ. ಎರಡಕ್ಕೂ ಎಲ್‌ಜಿಎ 2011-3 ಸಾಕೆಟ್ (ಬೋರ್ಡಿನಲ್ಲಿ ಚಿಪ್ ಕೂರುವ ಜಾಗ), ಡಿಡಿಆರ್4 ರ‍್ಯಾಮ್. ಮನೆಯ ಕೆಲಸಕ್ಕೆ ಇ5-2680 ವಿ4 ತುಂಬಾ ಚೆನ್ನಾಗಿ ಹೊಂದುತ್ತದೆ: 14 ಕೋರ್, 28 ಥ್ರೆಡ್ (ಒಟ್ಟಿಗೆ ಓಡಿಸಬಲ್ಲ ಕೆಲಸಗಳು), 120 ವ್ಯಾಟ್. ಹೆಸರಿನಲ್ಲಿರುವ 2680ರ ಮೊದಲ ಅಂಕಿ ನೋಡಿ. ಆ 2 ಅಂದರೆ ಎರಡು ಸಾಕೆಟ್‌ವರೆಗೆ ನಡೆಯುತ್ತದೆ ಅಂತ. ಇ5-1650 ತಂದು ಎರಡು ಹಾಕಿದರೆ ಆಗುವುದಿಲ್ಲ. ಕೋರ್ ಐ7, ರೈಜೆನ್ ಯಾವುದೂ ಜೋಡಿಯಾಗಿ ಓಡುವುದಿಲ್ಲ. ಎಎಂಡಿಯ ಸರ್ವರ್ ಚಿಪ್ ಎಪಿಕ್‌ನಲ್ಲೂ ಹೆಸರಿನ ಕೊನೆಗೆ ಪಿ ಇದ್ದರೆ ಅದು ಒಂಟಿ ಸಾಕೆಟ್‌ಗೆ ಮಾತ್ರ.

ಈಗ ಅಳತೆ. ಇಲ್ಲೇ ಜಾಸ್ತಿ ಜನ ಎಡವುವುದು. ಏಸಸ್ ಝಡ್10ಪಿಇ-ಡಿ16 ಡಬ್ಲ್ಯುಎಸ್, ಸೂಪರ್‌ಮೈಕ್ರೋ ಎಕ್ಸ್10ಡಿಎಐ ಇಂಥವೆಲ್ಲ 12×13 ಇಂಚಿನ ಬೋರ್ಡ್‌ಗಳು. ಮಾಮೂಲಿ ಎಟಿಎಕ್ಸ್ ಕ್ಯಾಬಿನೆಟ್‌ನಲ್ಲಿ ಕೂರುವುದಿಲ್ಲ. ಕ್ಯಾಬಿನೆಟ್ ಡಬ್ಬದ ಮೇಲೆ 'ಇ-ಎಟಿಎಕ್ಸ್' ಅಂತ ಬರೆದಿದ್ದರೂ ನಂಬಬೇಡಿ, ಕೆಲವು ಕಂಪನಿಗಳು ಸುಮಾರು 10.7 ಇಂಚು ಅಗಲ ಹಿಡಿಸಿದರೂ ಹಾಗೇ ಬರೆಯುತ್ತವೆ. 'ಎಸ್‌ಎಸ್‌ಐ ಇಇಬಿ' ಅಂತ ಇದೆಯಾ ನೋಡಿ, ಅದು 12×13 ಇಂಚಿನ ಅಳತೆಯ ಹೆಸರು; ಇಲ್ಲದಿದ್ದರೆ ಟೇಪ್ ಹಿಡಿದು ಅಳೆಯಿರಿ. ಕ್ಯಾಬಿನೆಟ್ ಬದಲಾಯಿಸಲು ಮನಸ್ಸಿಲ್ಲದಿದ್ದರೆ ಸೂಪರ್‌ಮೈಕ್ರೋ ಎಕ್ಸ್10ಡಿಆರ್‌ಎಲ್-ಐ ಇದೆ, 12×10 ಇಂಚು, ಎಂಟು ರ‍್ಯಾಮ್ ಸ್ಲಾಟ್. ಮನೆಗೆ ನಾನು ಮೊದಲು ಹುಡುಕುವುದು ಅದನ್ನೇ. ಬೋರ್ಡ್ ಕೂರಿಸುವಾಗ ಕ್ಯಾಬಿನೆಟ್‌ನ ಹಿತ್ತಾಳೆ ಕಾಲುಗಳನ್ನು ಒಂದೊಂದಾಗಿ ತೂತಿಗೆ ಹೋಲಿಸಿ ನೋಡಿ, ತೂತಿಲ್ಲದ ಕಡೆ ಇರುವ ಕಾಲನ್ನು ಬಿಚ್ಚಿ. ಅದು ಬೋರ್ಡಿನ ಬೆನ್ನಿಗೆ ತಾಗಿದರೆ ಶಾರ್ಟ್ ಆಗುತ್ತದೆ.

ರ‍್ಯಾಮ್‌ನ ಲೆಕ್ಕ ಬೇರೆ. ಪ್ರತಿ ಪ್ರೊಸೆಸರ್‌ಗೂ ತನ್ನದೇ ನಾಲ್ಕು ಚಾನೆಲ್, ಅಂದರೆ ಮೆಮೊರಿಗೆ ಹೋಗುವ ದಾರಿ. ಹಾಗಾಗಿ ಎರಡು ದೊಡ್ಡ ಸ್ಟಿಕ್ ಹಾಕುವ ಬದಲು ಎಂಟು ಚಿಕ್ಕವು ಹಾಕಿ, ಆ ಕಡೆ ನಾಲ್ಕು, ಈ ಕಡೆ ನಾಲ್ಕು. 16 ಜಿಬಿಯ ಎಂಟು ಅಂದರೆ 128 ಆಯಿತು. ಬೇಕಾದ್ದು ಸರ್ವರ್‌ಗಳಲ್ಲಿ ಬಳಸುವ, ತಪ್ಪು ತಿದ್ದಿಕೊಳ್ಳುವ ಇಸಿಸಿ ರಿಜಿಸ್ಟರ್ಡ್ ರ‍್ಯಾಮ್. ಸ್ಟಿಕ್ ಮೇಲಿನ ಲೇಬಲ್‌ನಲ್ಲಿ ಪಿಸಿ4-2400ಟಿ ಅಂತ ಇದ್ದು, ಅದಾದ ಮೇಲಿನ ಗೀಟಿನ ಪಕ್ಕ ಆರ್ ಅಕ್ಷರ ಇದ್ದರೆ ರಿಜಿಸ್ಟರ್ಡ್, ಎಲ್ ಇದ್ದರೆ ಎಲ್‌ಆರ್‌ಡಿಐಎಂಎಂ ಎಂಬ ಇನ್ನೊಂದು ಬಗೆ. ಎರಡನ್ನೂ ಬೆರೆಸುವ ಹಾಗಿಲ್ಲ.

ಕಾರ್ಡ್ ಸ್ಲಾಟ್‌ಗಳದ್ದೂ ಇದೇ ಕತೆ. ಒಂದೊಂದು ಪ್ರೊಸೆಸರ್‌ನಿಂದ 40 ಪಿಸಿಐಇ ಲೇನ್ (ಕಾರ್ಡ್‌ಗೆ ಡೇಟಾ ಹೋಗುವ ದಾರಿ) ಬರುತ್ತವೆ, ಬೋರ್ಡಿನ ಅರ್ಧ ಸ್ಲಾಟ್‌ಗಳು ಎರಡನೆಯ ಪ್ರೊಸೆಸರ್‌ಗೆ ಸೇರಿರಬಹುದು. 'ಈಗ ಒಂದು ಚಿಪ್ ಹಾಕೋಣ, ಇನ್ನೊಂದು ಆಮೇಲೆ' ಅಂದುಕೊಂಡರೆ ಆ ಸ್ಲಾಟ್‌ಗಳೂ ಆ ಬದಿಯ ರ‍್ಯಾಮ್ ಸ್ಲಾಟ್‌ಗಳೂ ಅಲ್ಲಿಯವರೆಗೆ ಸುಮ್ನೆ ಇರುತ್ತವೆ. ಮ್ಯಾನ್ಯುಯಲ್‌ನಲ್ಲಿರುವ ಬ್ಲಾಕ್ ಡಯಾಗ್ರಾಂ ಒಂದು ಸಲ ನೋಡಿದರೆ ಯಾವ ಸ್ಲಾಟ್ ಯಾರದ್ದು ಗೊತ್ತಾಗುತ್ತದೆ.

ಕೂಲರ್ ಕೊಳ್ಳುವ ಮೊದಲು ಸಾಕೆಟ್ ಸುತ್ತಲಿನ ನಾಲ್ಕು ಸ್ಕ್ರೂ ತೂತು ಅಳೆಯಿರಿ. 80×80 ಮಿಲಿಮೀಟರ್ ಇದ್ದರೆ ಸ್ಕ್ವೇರ್, 56×94 ಇದ್ದರೆ ನ್ಯಾರೋ. ಡೆಸ್ಕ್‌ಟಾಪ್ ಕೂಲರ್‌ಗಳು ಸಾಮಾನ್ಯವಾಗಿ ಸ್ಕ್ವೇರ್‌ಗೇ ಆಗುವುದು. ಎಸ್‌ಎಂಪಿಎಸ್‌ನಲ್ಲಿ ಸಿಪಿಯುಗೆ ಹೋಗುವ 8 ಪಿನ್ ವಯರ್ ಎರಡು ಇರಬೇಕು. ಮನೆಯಲ್ಲಿರುವ 600 ವಿಎ ಯುಪಿಎಸ್ ಇದಕ್ಕೆ ಸಾಲದು, ಎರಡು ಚಿಪ್‌ಗೇ 240 ವ್ಯಾಟ್ ಬೇಕು, ಗ್ರಾಫಿಕ್ಸ್ ಕಾರ್ಡ್ ಬೇರೆ.

ಸೆಕೆಂಡ್ ಹ್ಯಾಂಡ್ ಬೋರ್ಡ್ ಕೈಗೆ ಬಂದಾಗ ಏನು ನೋಡಬೇಕು ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಪಾಠ ಕಲಿತದ್ದು ಇಲ್ಲೇ. ಈ ಸಾಕೆಟ್‌ನಲ್ಲಿ ಪಿನ್‌ಗಳು ಚಿಪ್‌ನಲ್ಲಲ್ಲ, ಬೋರ್ಡ್‌ನಲ್ಲಿ ಇರುತ್ತವೆ. ಕೂದಲಿನಷ್ಟು ತೆಳ್ಳಗೆ, ಒಂದು ಸಾಕೆಟ್‌ಗೆ 2011. ನಾನು ತಂದ ಬೋರ್ಡ್‌ನ ಸಾಕೆಟ್ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇರಲಿಲ್ಲ. ಬೋರ್ಡ್ ಆನ್ ಆಯಿತು, ಎಲ್ಲ ಸರಿಯಾಗಿದೆ ಅಂತ ಖುಷಿಪಟ್ಟೆ. ಆದರೆ 128 ಜಿಬಿ ತೋರಿಸಬೇಕಾದಲ್ಲಿ 112 ತೋರಿಸುತ್ತಿತ್ತು. ಸ್ಟಿಕ್‌ಗಳನ್ನು ಅದಲುಬದಲು ಮಾಡಿದೆ, ಸ್ಟಿಕ್ ಯಾವುದಾದರೂ ಅದೇ ಸ್ಲಾಟ್ ಖಾಲಿ. ಕೊನೆಗೆ ಚಿಪ್ ತೆಗೆದು ಮೊಬೈಲ್ ಟಾರ್ಚ್ ಅನ್ನು ಓರೆಯಾಗಿ ಹಿಡಿದಾಗ ಕಂಡಿತು. ಎಲ್ಲ ಪಿನ್‌ಗಳ ತುದಿ ಭತ್ತದ ಪೈರಿನ ಸಾಲಿನಂತೆ ಒಂದೇ ಕಡೆ ಬಾಗಿ ಮಿಂಚುತ್ತಿದ್ದರೆ, ಒಂದು ಮೂಲೆಯಲ್ಲಿ ಎರಡು ಮಾತ್ರ ಮಿಂಚುತ್ತಿರಲಿಲ್ಲ. ಆದ್ದರಿಂದ ಬೆಂಗಳೂರಿನ ಎಸ್ಪಿ ರೋಡಿನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ, ದುಡ್ಡು ಕೊಡುವ ಮೊದಲು ಎರಡೂ ಸಾಕೆಟ್‌ನ ಫೋಟೋ ಬೇರೆ ಬೇರೆ ಕೋನದಿಂದ ಕೇಳಿ. ಎಲ್ಲ ಸ್ಲಾಟ್ ತುಂಬಿಸಿ ತೋರಿಸಿ ಅಂತಲೂ ಕೇಳಿ. ಒಪ್ಪದವರ ಹತ್ತಿರ ಕೊಳ್ಳಬೇಡಿ.

ಬಯೋಸ್ (ಬೋರ್ಡನ್ನು ಎಬ್ಬಿಸುವ ತಂತ್ರಾಂಶ) ವರ್ಷನ್ ಕೇಳುವುದನ್ನು ಮರೆಯಬೇಡಿ. ಹಳೆಯ ಬಯೋಸ್‌ಗೆ ವಿ4 ಚಿಪ್ ಗುರುತೇ ಸಿಗುವುದಿಲ್ಲ, ಅಪ್‌ಡೇಟ್ ಮಾಡಲು ಒಂದು ವಿ3 ಚಿಪ್ ಸಾಲ ತರಬೇಕಾಗಬಹುದು. ಡೆಲ್, ಎಚ್‌ಪಿ ವರ್ಕ್‌ಸ್ಟೇಷನ್‌ಗಳಿಂದ ಬಿಚ್ಚಿದ ಬೋರ್ಡ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಡಿ, ಅವುಗಳ ಪವರ್ ಕನೆಕ್ಟರ್ ಮತ್ತು ಆಕಾರ ಅವುಗಳದ್ದೇ ಕ್ಯಾಬಿನೆಟ್‌ಗೆ ಮಾಡಿದ್ದು.

ಸೂಪರ್‌ಮೈಕ್ರೋ ಸರ್ವರ್ ಬೋರ್ಡ್‌ನಲ್ಲಿ ನಿಧಾನಕ್ಕೆ ತಿರುಗುವ ಫ್ಯಾನ್ ಹಾಕಿದರೆ, ಫ್ಯಾನ್ ಕೆಟ್ಟಿದೆ ಅಂದುಕೊಂಡು ಬೋರ್ಡ್ ಎಲ್ಲ ಫ್ಯಾನ್‌ಗಳನ್ನೂ ಜೋರಾಗಿ ಓಡಿಸುತ್ತದೆ, ಮತ್ತೆ ಇಳಿಸುತ್ತದೆ, ಮತ್ತೆ ಏರಿಸುತ್ತದೆ. ಹೆದರಬೇಡಿ, ಐಪಿಎಂಐಟೂಲ್ ಎಂಬ ತಂತ್ರಾಂಶದಲ್ಲಿ ಕನಿಷ್ಠ ವೇಗದ ಮಿತಿ ಇಳಿಸಿದರೆ ಸರಿಹೋಗುತ್ತದೆ. ವಿಂಡೋಸ್ ಹಾಕುವವರಿಗೆ ಹೋಮ್ ಆವೃತ್ತಿ ಸಾಲದು, ಅದು ಒಂದೇ ಸಾಕೆಟ್ ಬಳಸುತ್ತದೆ, ಪ್ರೊ ಬೇಕು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಚಿಪ್‌ಗಳಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿದಿದೆ. ನಾನಂತೂ ಲಿನಕ್ಸ್ ಹಾಕಿದ್ದೇನೆ.

ಬೋರ್ಡನ್ನು ಕ್ಯಾಬಿನೆಟ್‌ಗೆ ಹಾಕುವ ಮೊದಲು ಮೇಜಿನ ಮೇಲೆ ರಟ್ಟಿನ ಡಬ್ಬದ ಮೇಲಿಟ್ಟು ಪರೀಕ್ಷಿಸಿ. ಮೊದಲ ಸಾಕೆಟ್‌ಗೆ ಒಂದು ಚಿಪ್, ಒಂದೇ ಸ್ಟಿಕ್. ಅದು ಎದ್ದರೆ ಎರಡನೆಯ ಚಿಪ್, ಆಮೇಲೆ ಒಂದೊಂದೇ ಸ್ಟಿಕ್. ಲಿನಕ್ಸ್‌ನಲ್ಲಿ 'ನುಮಾಸಿಟಿಎಲ್' ಕಮಾಂಡ್‌ಗೆ ಹಾರ್ಡ್‌ವೇರ್ ಆಯ್ಕೆ ಕೊಟ್ಟು ನೋಡಿ, ಎರಡು ನೋಡ್ (ಒಂದೊಂದು ಚಿಪ್ ಮತ್ತು ಅದರ ಮೆಮೊರಿ) ಕಂಡು ಎರಡರಲ್ಲೂ ಸುಮಾರು 64 ಜಿಬಿ ಇದ್ದರೆ ಆಗ ಸ್ಕ್ರೂ ಡ್ರೈವರ್ ತಗೊಳ್ಳಿ.