ಮಕ್ಕಳ ಕೈಗೆ ಗುಮಟೆ ಕೊಡುವ ಮೊದಲು

ಕರ್ನಾಟಕದ ಬುಡಕಟ್ಟು ಜನರ ಹಾಡು, ಕುಣಿತಗಳನ್ನು ಶಾಲಾ ಮಕ್ಕಳಿಗೆ ಪರಿಚಯಿಸುವ ಶಿಬಿರಗಳನ್ನು ನಾನು ಹಲವು ವರ್ಷಗಳಿಂದ ನಡೆಸುತ್ತ ಬಂದಿದ್ದೇನೆ. ಕಲಿಸುವವರು ಆಯಾ ಸಮುದಾಯದ ಕಲಾವಿದರೇ ಆಗಿರಬೇಕು ಎಂಬ ಕಟ್ಟುಪಾಡನ್ನು ಮೊದಲಿನಿಂದಲೂ ಪಾಲಿಸಿದ್ದೇನೆ. ಅವರಿಗೆ ಕೊಡುವ ಸಂಭಾವನೆ ಶಾಸ್ತ್ರೀಯ ಸಂಗೀತಗಾರರಿಗೆ ಕೊಡುವುದಕ್ಕಿಂತ ಒಂದು ರೂಪಾಯಿಯೂ ಕಡಿಮೆಯಾಗಬಾರದೆಂದು ಸಂಘಟಕರೊಡನೆ ಮೊದಲೇ ಮಾತಾಡಿಕೊಳ್ಳುತ್ತೇನೆ. ಮಕ್ಕಳಿಗೆ ವೇಷ ತೊಡಿಸಿ ಫೋಟೊ ತೆಗೆಯುವುದಕ್ಕೆ ನಾನು ಒಪ್ಪುವುದಿಲ್ಲ.

ಸಾಮಾನ್ಯವಾಗಿ ಸೋಲಿಗರ ಗೊರುಕನ ಹಾಡಿನಿಂದ ಆರಂಭಿಸುತ್ತೇನೆ. ಹಾಡಿಗೆ ತಿರುತಿರುಗಿ ಬರುವ ಪಲ್ಲವಿ ಇರುವುದರಿಂದ, ಒಂದು ಪದವೂ ತಿಳಿಯದ ಮಗು ಸಹ ಎರಡನೆಯ ಸುತ್ತಿನಲ್ಲೇ ದನಿಗೂಡಿಸಿ ಹೆಜ್ಜೆ ಹಾಕತೊಡಗುತ್ತದೆ. ಹಾಡಿನ ಸಾಲುಗಳ ಅರ್ಥವನ್ನು ಕಲಾವಿದರು ಬಿಡಿಸಿ ಹೇಳುವುದು ಆಮೇಲೆ. ದೊಡ್ಡ ತರಗತಿಯವರಾದರೆ, ಬಿಳಿಗಿರಿರಂಗನಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆತ ಸಂಗತಿಯನ್ನೂ ವಿವರಿಸುತ್ತೇನೆ, ಏಕೆಂದರೆ ಆ ಕಾಡಿನಲ್ಲಿ ಇಂದಿಗೂ ಬದುಕುತ್ತಿರುವವರ ಹಾಡು ಅದು.

ಮಕ್ಕಳು ಹೆಚ್ಚು ಹೊತ್ತು ಮೈಮರೆಯುವುದು ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಗುಮಟೆಯ ಮುಂದೆ. ಮಣ್ಣಿನ ಮಡಕೆಯ ಒಂದು ಬಾಯಿಗೆ ಚರ್ಮ ಬಿಗಿದು, ಹಿಂಬದಿಯ ಸಣ್ಣ ಬಾಯಿಯನ್ನು ತೆರೆದೇ ಇಟ್ಟಿರುತ್ತಾರೆ. ಎಲ್ಲರ ಕಣ್ಣೂ ಚರ್ಮದ ಮೇಲೆ ಆಡುವ ಬೆರಳುಗಳನ್ನೇ ಹಿಂಬಾಲಿಸುತ್ತದೆ; ಆದರೆ ನಾದವನ್ನು ಏರಿಳಿಸುವುದು ಹಿಂದಿನ ಬಾಯಿಯನ್ನು ಮುಚ್ಚಿ ತೆರೆಯುವ ಇನ್ನೊಂದು ಕೈ. ಆದ್ದರಿಂದ ಮಕ್ಕಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಆ ಕೈ ಸರಿದಾಗಲೆಲ್ಲ ಬೆರಳೆತ್ತಿ ತೋರಿಸಲು ತಿಳಿಸುತ್ತೇನೆ. ಗುಮಟೆಯನ್ನು ಅವರ ಕೈಗೆ ಕೊಡುವುದು ಕಿವಿ ಇಷ್ಟು ಹದಗೊಂಡ ಮೇಲೆಯೇ. ಹಿಂದೆ ಇದಕ್ಕೆ ಉಡದ ಚರ್ಮ ಬಳಸುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಷೇಧಿಸಿರುವುದರಿಂದ ಈಗ ಆಡಿನ ಚರ್ಮ ಬಂದಿದೆ. ನಾದ ಬದಲಾಯಿತೇ ಎಂದು ಮಕ್ಕಳು ಕೇಳಿದಾಗ ಉತ್ತರಿಸುವ ಅಧಿಕಾರ ನುಡಿಸುವವರದು, ನನ್ನದಲ್ಲ. ಹಾಲಕ್ಕಿ ಹಾಡುಗಳ ದೊಡ್ಡ ದನಿಯಾಗಿದ್ದ ಸುಕ್ರಿ ಬೊಮ್ಮಗೌಡರು ಶಾಲೆಯ ಮೆಟ್ಟಿಲು ಹತ್ತದೆಯೇ ಅಪಾರ ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡು 2017ರಲ್ಲಿ ಪದ್ಮಶ್ರೀ ಪಡೆದದ್ದನ್ನು ಈ ಹೊತ್ತಿನಲ್ಲೇ ಹೇಳುತ್ತೇನೆ.

ಕರಾವಳಿಯ ಕೊರಗರ ಡೋಲಿನ ವಿಷಯದಲ್ಲಿ ಮಾತ್ರ ನನ್ನ ಕ್ರಮ ಬೇರೆ. ಅವರಿಂದ ಬಲವಂತವಾಗಿ ಡೋಲು ಬಾರಿಸಿಕೊಂಡು, ಕಂಬಳದಲ್ಲಿ ಕೋಣಗಳಿಗಿಂತ ಮೊದಲು ಓಡಿಸಿ, ಎಂಜಲು ತಿನ್ನಿಸಿದ ಅಜಲು ಪದ್ಧತಿಯನ್ನು ರಾಜ್ಯವು 2000ನೇ ಇಸವಿಯ ಕಾಯ್ದೆಯಿಂದ ನಿಷೇಧಿಸಿದೆ. ಈ ಚರಿತ್ರೆಯನ್ನು ಮುಚ್ಚಿಟ್ಟು ಕೇವಲ ತಾಳದ ಸೊಗಸನ್ನು ಉಣಬಡಿಸುವುದು ಅನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ. ಆದುದರಿಂದ ಪ್ರೌಢಶಾಲೆಯ ಮಕ್ಕಳ ಶಿಬಿರಗಳಿಗೆ ಮಾತ್ರ, ತಾವಾಗಿ ಮುಂದೆ ಬಂದ ಕೊರಗ ಕಲಾವಿದರನ್ನು ಕರೆಯುತ್ತೇನೆ. ಅವರು ಮೊದಲು ಮಾತನಾಡುತ್ತಾರೆ, ಮಕ್ಕಳು ಪ್ರಶ್ನೆ ಕೇಳುತ್ತಾರೆ; ಆ ದಿನ ಡೋಲು ಬಾರಿಸಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ, ಬಾರಿಸದೆ ಹೊರಟರೂ ಪೂರ್ತಿ ಸಂಭಾವನೆ ಅವರಿಗೆ ಸಲ್ಲುತ್ತದೆ.