ಕರ್ರಿ ಕೈ ಕೊಟ್ಟನಾ?

2022ರ ಏಪ್ರಿಲ್. ಅಕ್ಕನ ಮಗ ಬೆಳಿಗ್ಗೆ ಆರಕ್ಕೆಲ್ಲ ಎದ್ದು ಎನ್‌ಬಿಎ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್, ನೋಡುವ ಹುಡುಗ. ಅಮೆರಿಕದ ರಾತ್ರಿ ಆಟ ನಮಗೆ ಕಾಫಿ ಹೊತ್ತಿಗೆ ಬರುತ್ತದಲ್ಲ. ಅವತ್ತು ಮನೆಗೆ ಬಂದವನೇ, "ಮಾಮ, ಕರ್ರಿ ಕಥೆ ಮುಗೀತು" ಅಂದ.

ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಸ್ಟೆಫ್ ಕರ್ರಿ. ನಾಲ್ಕೇ ತಿಂಗಳ ಹಿಂದೆ, 2021ರ ಡಿಸೆಂಬರ್‌ನಲ್ಲಿ, ರೇ ಅಲೆನ್ ದಾಖಲೆ ಮುರಿದು ಎನ್‌ಬಿಎಯಲ್ಲಿ ಅತಿ ಹೆಚ್ಚು ತ್ರೀ-ಪಾಯಿಂಟರ್ (ದೂರದ ಗೆರೆಯಾಚೆಯಿಂದ ಎಸೆದು ಹಾಕುವ, ಮೂರು ಅಂಕದ ಬುಟ್ಟಿ) ಹಾಕಿದವನು ಅನ್ನಿಸಿಕೊಂಡಿದ್ದ. ಅವನ ಕಥೆ ಮುಗೀತಂತೆ!

ಹುಡುಗನ ಹತ್ತಿರ ಸಾಕ್ಷಿ ಇತ್ತು. 2020-21ರಲ್ಲಿ ಕರ್ರಿ 801 ತ್ರೀ ಎಸೆದು 337 ಹಾಕಿದ್ದ, ಅಂದರೆ ನೂರಕ್ಕೆ 42.1. 2021-22ರಲ್ಲಿ 750ಕ್ಕೆ 285, ನೂರಕ್ಕೆ 38. ನೂರಕ್ಕೆ ನಾಲ್ಕು, ಅಂದರೆ ನಾಲ್ಕು ಪಾಯಿಂಟ್ ಇಳಿತ. ಗಾಯವಾಗಿ ಬರೀ ಐದು ಪಂದ್ಯ ಆಡಿದ 2019-20 ಬಿಟ್ಟರೆ ಅವನ ಅತಿ ಕಡಿಮೆ ಸರಾಸರಿ ಇದೇ.

ಆಫೀಸಿನಲ್ಲಿ ನನಗೆ ದಿನವಿಡೀ ಇದೇ ಕೆಲಸ. ಆ್ಯಪ್‌ನಲ್ಲಿ ಹಸಿರು ಬಟನ್ ಒತ್ತುವವರು ಜಾಸ್ತಿಯೋ, ಕೆಂಪು ಒತ್ತುವವರೋ ಅಂತ ಹೈಪಾಥಿಸಿಸ್ ಟೆಸ್ಟ್ ಮಾಡೋದು, ಅಂದರೆ ಕಾಣುವ ಅಂತರ ನಿಜವೋ ಬರೀ ಅದೃಷ್ಟವೋ ಅಂತ ಲೆಕ್ಕ ಹಾಕೋದು. ಬಟನ್ ಜಾಗದಲ್ಲಿ ಕರ್ರಿಯನ್ನು ಇಟ್ಟರೆ ಆಯ್ತು ಅಂದುಕೊಂಡೆ.

ಹುಡುಗನಿಗೆ ಅರ್ಥವಾಗಲಿ ಅಂತ ಅಡುಗೆಮನೆಯಿಂದ ಶುರು ಮಾಡಿದೆ. ಎರಡು ವರ್ಷ ಸೇರಿ ಒಟ್ಟು 1,551 ಎಸೆತ, ಬಿದ್ದದ್ದು 622. "622 ಬಟಾಣಿ, 929 ಕಡಲೆಕಾಳು ಅಂದುಕೋ. ಒಂದೇ ಬೋಗುಣಿಗೆ ಸುರಿದು ಚೆನ್ನಾಗಿ ಕಲಸು. ಕಣ್ಣು ಮುಚ್ಚಿ 801 ತೆಗೆದು ಒಂದು ತಟ್ಟೆಗೆ ಹಾಕು, ಉಳಿದ 750 ಇನ್ನೊಂದಕ್ಕೆ. ಎರಡೂ ತಟ್ಟೆಯಲ್ಲಿ ನೂರಕ್ಕೆ ಎಷ್ಟು ಬಟಾಣಿ ಅಂತ ನೋಡು. ಕರ್ರಿ ಕೈ ಬದಲಾಗಿಯೇ ಇಲ್ಲ ಅಂತಾದರೆ, ಎರಡು ಸೀಸನ್ನೂ ಒಂದೇ ಬೋಗುಣಿಯಿಂದ ಬಂದ ಹಾಗೆ. ಅಂಥ ಬೋಗುಣಿಯಿಂದಲೂ ಸುಮ್ನೆ ಅದೃಷ್ಟಕ್ಕೆ ನಾಲ್ಕು ಪಾಯಿಂಟ್ ಅಂತರ ಎಷ್ಟು ಸಲ ಬರುತ್ತೆ? ನಮ್ಮ ಪ್ರಶ್ನೆ ಅಷ್ಟೇ."

ಅವನು ನಿಜಕ್ಕೂ ಎಣಿಸೋಕೆ ಕೂತ. ಇನ್ನೂರಕ್ಕೆ ಬರುವಷ್ಟರಲ್ಲಿ ಅಕ್ಕ ಬಂದು ಡಬ್ಬ ಕಿತ್ತುಕೊಂಡಳು. ಕೊನೆಗೆ ಕಂಪ್ಯೂಟರಿನಲ್ಲಿ ಪೈಥಾನ್ ಪ್ರೋಗ್ರಾಂ ಹತ್ತು ಸಾಲು ಬರೆದು 10,000 ಸಲ ಕಲಸಿದೆವು. ಆ ಕಡೆಗೋ ಈ ಕಡೆಗೋ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಅಂತರ ಬಂದದ್ದು ಹೆಚ್ಚುಕಡಿಮೆ ಸಾವಿರ ಸಲ. ಸೂತ್ರದಲ್ಲಿ ಹಾಕಿದರೂ ಅದೇ: ಪಿ-ವ್ಯಾಲ್ಯೂ, ಅಂದರೆ ಕೈ ಬದಲಾಗದೆಯೂ ಇಷ್ಟು ಅಂತರ ಬರುವ ಸಾಧ್ಯತೆ, 0.10. ರೂಢಿಯ ಗೆರೆ 0.05, ಅದಕ್ಕಿಂತ ಕೆಳಗೆ ಬಂದರೆ ಮಾತ್ರ "ಬದಲಾಗಿದೆ" ಅನ್ನೋದು. ಬರಲಿಲ್ಲ.

"ಅಂದ್ರೆ ಕರ್ರಿ ಹಾಗೇ ಇದ್ದಾನೆ ಅಂತ ಸಾಬೀತಾಯ್ತಲ್ವಾ?" ಅಂದ. ಇಲ್ಲಿ ನಾನು ಹೂಂ ಅಂದುಬಿಟ್ಟೆ. ಅದು ತಪ್ಪು. ರಾತ್ರಿ ಮಲಗಿದ ಮೇಲೆ ಕೊರೆಯೋಕೆ ಶುರುವಾಯ್ತು. ಎದ್ದು ಇನ್ನೊಂದು ಲೆಕ್ಕ ಹಾಕಿದೆ: ಅವನ ಕೈ ನಿಜಕ್ಕೂ ನಾಲ್ಕು ಪಾಯಿಂಟ್ ಕುಸಿದಿದ್ದರೆ, ಇಷ್ಟು ಎಸೆತದಲ್ಲಿ ಈ ಟೆಸ್ಟ್ ಅದನ್ನು ಹಿಡಿಯುತ್ತಿತ್ತಾ? ಹತ್ತರಲ್ಲಿ ಆರು ಸಲ ಹಿಡಿಯುತ್ತಿರಲಿಲ್ಲ! ನೆಚ್ಚಿಕೊಂಡು ಹಿಡಿಯಬೇಕಾದರೆ ಕುಸಿತ ಏಳು ಪಾಯಿಂಟ್ ಹತ್ತಿರ ಇರಬೇಕು. ನಿಜವಾದ ಇಳಿತ ಒಂಬತ್ತು ಪಾಯಿಂಟ್ ಇರಬಹುದು, ಸೊನ್ನೆಯೂ ಇರಬಹುದು, ಚೂರು ಏರಿಯೂ ಇರಬಹುದು. ಈ ಅಂಕಿಗಳಿಗೆ ಎಲ್ಲವೂ ಒಪ್ಪುತ್ತದೆ. ಒಂದು ಇಡೀ ಸೀಸನ್ ಎಸೆತ ನಮಗೆ ಬೆಟ್ಟದಂತೆ ಕಾಣುತ್ತದೆ. ಈ ಪ್ರಶ್ನೆಗೆ ಅದು ಸಾಲದು.

ಹುಡುಗ ಬಿಡುವವನಲ್ಲ. ಮಾರನೇ ದಿನ ಬಂದು, "2015-16ಕ್ಕೆ ಹೋಲಿಸಿ" ಅಂದ. ವಾರಿಯರ್ಸ್ 73 ಪಂದ್ಯ ಗೆದ್ದ, ಎಂವಿಪಿಗೆ, ಅಂದರೆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಗೆ, ಎಲ್ಲ ಮತವೂ ಕರ್ರಿಗೇ ಬಿದ್ದ ವರ್ಷ. 886ಕ್ಕೆ 402, ನೂರಕ್ಕೆ 45.4. ಟೆಸ್ಟ್ ಹಾಕಿದರೆ ಪಿ-ವ್ಯಾಲ್ಯೂ 0.003! ಖುಷಿಯಲ್ಲಿ ನಾನೇ ಆಫೀಸಿನ ಗೆಳತಿಗೆ ಕಳಿಸಿದೆ. ಅವಳು ಒಂದೇ ಸಾಲು ಬರೆದಳು: "ಈ ಎರಡು ವರ್ಷಾನೇ ಯಾಕೆ ಆರಿಸಿದ್ರಿ?"

ಮುಖಕ್ಕೆ ನೀರು ಎರಚಿದ ಹಾಗಾಯ್ತು. ಆರಿಸಿದ್ದು ಅಂಕಿ ನೋಡಿದ ಮೇಲೆ ತಾನೇ? ಒಂದು ತುದಿಯ ವರ್ಷ, ಇನ್ನೊಂದು ತುದಿಯ ವರ್ಷ. ಕರ್ರಿ ಅಲ್ಲಿಯವರೆಗೆ ಆಡಿದ ಹದಿಮೂರು ಸೀಸನ್‌ಗಳಲ್ಲಿ ಎರಡೆರಡರಂತೆ 78 ಜೋಡಿ ಸಿಗುತ್ತವೆ. ಅಷ್ಟರಲ್ಲಿ ದೊಡ್ಡ ಅಂತರದ್ದನ್ನು ಹೆಕ್ಕಿ ತೆಗೆದು "ಅಬ್ಬಾ" ಅನ್ನೋದು, ಸಂತೆಯಲ್ಲಿ ಅತಿ ಎತ್ತರದವನನ್ನು ಹುಡುಕಿ ತಂದು ಊರಿನವರೆಲ್ಲ ಎತ್ತರ ಅಂದ ಹಾಗೆ. 78ಕ್ಕೆ ತಕ್ಕಂತೆ ಗೆರೆ ಬಿಗಿ ಮಾಡಿದರೆ ಅದು 0.05 ಅಲ್ಲ, ಸುಮಾರು 0.0006. ನಮ್ಮ 0.003 ಅಲ್ಲಿಗೆ ಮುಟ್ಟುವುದಿಲ್ಲ. ಅಷ್ಟು ಬಿಗಿ ಅತಿಯಾಯ್ತು ಅನ್ನುವವರಿದ್ದಾರೆ, ನನಗೂ ಸ್ವಲ್ಪ ಹಾಗೇ ಅನ್ನಿಸುತ್ತದೆ. ಆದರೆ 0.003 ಅಂತ ಕುಣಿಯುವಂತಿರಲಿಲ್ಲ.

ಇದರ ಹುಚ್ಚುತನ ಎಷ್ಟು ಅಂತ ತೋರಿಸೋಕೆ ಹುಡುಗನ ಎದುರೇ ಆ ಐದು ಪಂದ್ಯದ 2019-20 ತೆಗೆದೆ. 49 ಎಸೆತ, ಬಿದ್ದದ್ದು 12. ಅದರ ಹಿಂದಿನ ವರ್ಷ 810ಕ್ಕೆ 354. ಪಿ-ವ್ಯಾಲ್ಯೂ 0.008. ಅಂದರೆ 2021-22ರ 64 ಪಂದ್ಯದ ಕುಸಿತವನ್ನು "ಗೊತ್ತಿಲ್ಲ" ಅಂದ ಟೆಸ್ಟ್, ಐದು ಪಂದ್ಯದ್ದನ್ನು "ಪಕ್ಕಾ" ಅನ್ನುತ್ತಿದೆ. ಮುಂದಿನ ವರ್ಷ ಅವನು ವಾಪಸ್ 42.1.

ಐದು ಪಂದ್ಯ ಅಂದರೆ ಏನು ಬೇಕಾದರೂ ಆಗಬಹುದು. 2016ರ ನವೆಂಬರ್ 4ರಂದು ಲೇಕರ್ಸ್ ಎದುರು ಕರ್ರಿ ಹತ್ತಕ್ಕೆ ಸೊನ್ನೆ. ಸತತ 157 ಪಂದ್ಯಗಳಲ್ಲಿ ಒಂದಾದರೂ ತ್ರೀ ಹಾಕಿದ್ದ ಸರಣಿ ಅವತ್ತು ತುಂಡಾಯ್ತು. ಮುಂದಿನ ಪಂದ್ಯ ನವೆಂಬರ್ 7, ಪೆಲಿಕನ್ಸ್ ಎದುರು: 17ಕ್ಕೆ 13, ಆಗಿನ ಎನ್‌ಬಿಎ ದಾಖಲೆ. ಅದೇ ಕೈ, ಮೂರು ದಿನದ ಅಂತರ. ಎಲ್ಲ ಎಸೆತವೂ ಒಂದೇ ತೂಕದ ಕಾಳು ಅಂತ ನನ್ನ ಬೋಗುಣಿ ನಂಬುತ್ತದೆ. ಒಬ್ಬನೇ ನಿಂತು ಹಾಕಿದ್ದಕ್ಕೂ ಇಬ್ಬರು ಮೈಮೇಲೆ ಬಿದ್ದಾಗ ಹಾಕಿದ್ದಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಈಗ ಮಾಡುವುದಾದರೆ ಒಂದೊಂದು ಎಸೆತದ ಬದಲು ಒಂದೊಂದು ಇಡೀ ಪಂದ್ಯವನ್ನೇ ಚೀಟಿ ಮಾಡಿ ಕಲಸುತ್ತೇನೆ.

ಆ ಜೂನ್‌ನಲ್ಲಿ ವಾರಿಯರ್ಸ್ ಚಾಂಪಿಯನ್ ಆಯ್ತು, ಫೈನಲ್ಸ್ ಎಂವಿಪಿ ಕರ್ರಿಯೇ. ಹುಡುಗ ಒಂದು ವಾರ ಈ ಕಡೆ ತಲೆ ಹಾಕಲಿಲ್ಲ. ನಾವು ಒಂದು ಒಪ್ಪಂದ ಮಾಡಿಕೊಂಡೆವು: ಮುಂದಿನ ಸೀಸನ್ ಶುರುವಾಗುವ ಮೊದಲೇ ಪ್ರಶ್ನೆ ಬರೆದಿಡೋದು. ಕ್ಯಾಲೆಂಡರ್ ಹಿಂದೆ ಬರೆದೆ: "2022-23ರ ತ್ರೀ ಸರಾಸರಿ 2021-22ಕ್ಕಿಂತ ಬೇರೆಯಾ? ಎರಡೂ ಕಡೆ ನೋಡಬೇಕು. ಗೆರೆ 0.05."

2022-23ರಲ್ಲಿ 639ಕ್ಕೆ 273. ನೂರಕ್ಕೆ 42.7. "ಮಾಮ, ಕರ್ರಿ ವಾಪಸ್ ಬಂದ!" ಅಂತ ಅದೇ ಹುಡುಗ ಫೋನ್ ಮಾಡಿದ. ಕ್ಯಾಲೆಂಡರ್ ತಿರುಗಿಸಿ ಲೆಕ್ಕ ಹಾಕಿದೆ. 0.07.

"ಬಂದ ಅಂತ ಹೇಳೋಕಾಗಲ್ಲ ಕಣೋ" ಅಂದೆ.

ಅವನು ಫೋನ್ ಇಟ್ಟುಬಿಟ್ಟ.