ಜಾತ್ರೆಯಲ್ಲಿ ಕೇಳಿದ್ದು, ಗ್ರಂಥಾಲಯದಲ್ಲಿ ಬರೆದಿಟ್ಟಿದ್ದು

ನಾನು ಬಾದಾಮಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಪಾಠ ಮಾಡುತ್ತೇನೆ. ಬನಶಂಕರಿ ಜಾತ್ರೆ ನಮಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮನೆಯವರ ಜೊತೆ ಹೇಗೂ ಹೋಗಿಬರುವ ಮಕ್ಕಳನ್ನು ಶಾಲೆಯಿಂದ ಮತ್ತೆ ಯಾಕೆ ಕರೆದುಕೊಂಡು ಹೋಗಬೇಕು ಎಂದು ಪಾಲಕರೊಬ್ಬರು ಕೇಳಿದ್ದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ವರ್ಷ ನಾನು ಮಾಡಿದ್ದು ಇಷ್ಟೇ. ಇಪ್ಪತ್ನಾಲ್ಕು ಮಕ್ಕಳನ್ನು ಸಾಲಾಗಿ ನಡೆಸಿದೆ, ಇದು ತೇರು, ಇದು ಹೊಂಡ ಎಂದು ತೋರಿಸುತ್ತಾ ಹೋದೆ. ಜನ ಜಾಸ್ತಿ ಇದ್ದ ಕಡೆ ಒಬ್ಬ ಹುಡುಗ ಕೈತಪ್ಪಿ ಇಪ್ಪತ್ತು ನಿಮಿಷ ಸಿಗಲಿಲ್ಲ. ಆ ಇಪ್ಪತ್ತು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ. ಬಳೆ ಅಂಗಡಿಯ ಅಮ್ಮನ ಪಕ್ಕದಲ್ಲಿ ಅಳುತ್ತಾ ಕೂತಿದ್ದ. ಯಾರನ್ನಾದರೂ ಕೇಳಬೇಕಿತ್ತಲ್ಲೋ ಅಂದರೆ, "ಏನಂತ ಕೇಳಬೇಕು ಗೊತ್ತಾಗಲಿಲ್ಲ ಟೀಚರ್" ಅಂದ. ಮರುದಿನ ಎಲ್ಲರೂ ಜಾತ್ರೆಯ ಬಗ್ಗೆ ಬರೆದರು. ತುಂಬಾ ಜನ ಇದ್ದರು, ತೇರು ದೊಡ್ಡದಿತ್ತು, ಖುಷಿಯಾಯಿತು. ಇಪ್ಪತ್ನಾಲ್ಕು ಪುಟದಲ್ಲೂ ಅದೇ. ಮಾತೆಲ್ಲ ನಾನೇ ಆಡಿದ್ದೆ, ಇನ್ನೇನು ಬರೆಯುತ್ತಾರೆ?

ಹಾಗಾಗಿ ಮುಂದಿನ ವರ್ಷ ಒಂದೇ ನಿಯಮ ಇಟ್ಟೆ. ಇಬ್ಬಿಬ್ಬರ ಜೋಡಿ, ಪ್ರತಿ ಜೋಡಿಗೂ ಒಂದು ಪ್ರಶ್ನೆ, ಅದನ್ನು ಗುರುತಿಲ್ಲದವರಿಗೆ ಕೇಳಿಕೊಂಡು ಬರಬೇಕು. ನಾನು ಹತ್ತು ಹೆಜ್ಜೆ ಹಿಂದೆ ಇರುತ್ತೇನೆ, ಬಾಯಿ ಬಿಡುವುದಿಲ್ಲ.

ತಯಾರಿ ಶುರುವಾಗಿದ್ದು ಪಲ್ಯದಿಂದ. ಬನಶಂಕರಿಗೆ ಶಾಕಂಭರಿ ಅಂತಲೂ ಹೆಸರು. ಬರಗಾಲದಲ್ಲಿ ಕಾಯಿಪಲ್ಯ ಕೊಟ್ಟು ಜನರನ್ನು ಉಳಿಸಿದಳು ಎಂಬ ಕಥೆ. ಬನದ ಹುಣ್ಣಿಮೆಗೆ ತೇರು, ಅದಕ್ಕೂ ಮುಂಚೆ ಪಲ್ಲೇದ ಹಬ್ಬ, ಆಗ ದೇವಿಗೆ 108 ಬಗೆಯ ಕಾಯಿಪಲ್ಯದ ಅಡುಗೆ ಎಡೆ ಇಡುತ್ತಾರೆ. ನೀವೂ 108 ಹೆಸರು ಬರೆಯಿರಿ ನೋಡೋಣ ಅಂದೆ. ಬದನೆ, ಬೆಂಡೆ, ಹೀರೆ, ಮೆಂತ್ಯ ಅಂತ ಶುರುವಾಗಿ ಮೂವತ್ತೊಂದಕ್ಕೆ ನಿಂತಿತು. ಮನೆಯಲ್ಲಿ ಅಜ್ಜಿಯರನ್ನು ಕೇಳಿ ಬಂದ ಮೇಲೆ ಹಕ್ಕರಕಿ, ಪುಂಡಿ, ಕಿರಕಸಾಲಿ, ಗೋಳಿಪಲ್ಯ ಎಲ್ಲ ಸೇರಿ ನಲವತ್ತಾರು. (ನಮ್ಮ ಕಡೆ ಪಲ್ಯ ಅಂದರೆ ಸೊಪ್ಪು ಕೂಡ. ಮೈಸೂರು ಕಡೆಯವರು ಬಾಣಲೆಯಲ್ಲಿರೋದನ್ನು ಮಾತ್ರ ಹಾಗೆ ಕರೆಯುತ್ತಾರೆ.) ಉಳಿದದ್ದನ್ನು ಜಾತ್ರೆಯಲ್ಲೇ ಹುಡುಕಬೇಕು ಅಂತ ಮಕ್ಕಳೇ ತೀರ್ಮಾನ ಮಾಡಿದರು.

ತೇರಿನ ದಿನ ಹೋಗಲಿಲ್ಲ. ಜಾತ್ರೆ ಹೇಗೂ ವಾರಗಟ್ಟಲೆ ಇರುತ್ತದೆ. ನಾಲ್ಕು ದಿನ ಬಿಟ್ಟು, ಬೆಳಿಗ್ಗೆ ಬೇಗ, ಇಬ್ಬರು ತಾಯಂದಿರನ್ನೂ ಕರೆದುಕೊಂಡು ಹೋದೆವು. ಎಲ್ಲರ ಜೇಬಲ್ಲೂ ಎರಡು ಫೋನ್ ನಂಬರಿನ ಚೀಟಿ. ತಪ್ಪಿಸಿಕೊಂಡರೆ ಅಂಗಡಿಯಲ್ಲಿ ಕೂತ ಹೆಂಗಸರ ಹತ್ತಿರ ಹೋಗಿ ಹೇಳಬೇಕಾದ ಮಾತನ್ನು ತರಗತಿಯಲ್ಲೇ ಬಾಯಿ ಬಿಟ್ಟು ಹೇಳಿಸಿದ್ದೆ.

ಮೊದಲು ಹೊಂಡ. ಒಂದೊಂದು ಬದಿ ಸುಮಾರು 360 ಅಡಿ ಎನ್ನುತ್ತಾರೆ. ಕಲ್ಲಿನ ಮಂಟಪದ ಕೆಳಗೆ ಒಂದು ಬದಿ ಹೆಜ್ಜೆ ಎಣಿಸಿ ಅಂದೆ. ಒಬ್ಬಳದು 203, ಇನ್ನೊಬ್ಬನದು 238. ಯಾರದು ಸರಿ ಅಂತ ಜಗಳ ಹತ್ತಿತು. ಆಮೇಲೆ ಒಬ್ಬರ ಹೆಜ್ಜೆಯ ಪಕ್ಕ ಇನ್ನೊಬ್ಬರ ಹೆಜ್ಜೆ ಇಟ್ಟು ತಾವೇ ಅಳೆದು ನೋಡಿದರು. ಅಳತೆಯ ಪಾಠಕ್ಕೆ ಅದಕ್ಕಿಂತ ಹೆಚ್ಚು ನಾನೇನೂ ಹೇಳಬೇಕಾಗಲಿಲ್ಲ.

ಬಾಗಿಲು, ಚೌಕಟ್ಟು ಮಾರುವ ಸಾಲಿನಲ್ಲಿ ಒಂದು ಜೋಡಿ ಐದು ನಿಮಿಷ ಸುಮ್ನೆ ನಿಂತೇ ಇತ್ತು. ನನಗೆ ಹೋಗಿ ಮಾತಾಡಿಸಿಬಿಡೋಣ ಅನಿಸಿತು, ತಡೆದುಕೊಂಡೆ. ಕೊನೆಗೆ ಚಿಕ್ಕವಳು "ಕಾಕಾ, ಇದು ಯಾವ ಮರ?" ಅಂದಳು. ಅವರು ಉತ್ತರ ಹೇಳಲಿಲ್ಲ, ಎರಡು ತುಂಡು ಕೈಗೆ ಕೊಟ್ಟು ಯಾವುದು ಭಾರ ಹೇಳು ಅಂದರು. ಒಂದು ಬೇವು, ಒಂದು ಸಾಗುವಾನಿ. ಆಮೇಲೆ ಮೂಸಿ ನೋಡಿ, ಗೆರೆ ನೋಡಿ ಅಂತ ಕಾಲು ಗಂಟೆ ಪಾಠ ಆಯಿತು.

ನಾಟಕ ಕಂಪನಿಯ ಟೆಂಟಿನ ಹಿಂದೆ ರಾತ್ರಿಯ ಆಟ ಮುಗಿಸಿ ನಿದ್ದೆಗಣ್ಣಲ್ಲಿ ಚಹಾ ಕುಡಿಯುತ್ತಿದ್ದ ಕಲಾವಿದರೊಬ್ಬರು ಸಿಕ್ಕರು. ಮೊದಲ ವರ್ಷ ಕಳೆದುಹೋಗಿದ್ದ ಹುಡುಗನೇ ಹೋಗಿ, "ಮಾತು ಮರೆತರೆ ಏನು ಮಾಡ್ತೀರಿ?" ಅಂತ ಕೇಳಿದ. ಪಕ್ಕದವರ ಕಣ್ಣು ನೋಡ್ತೀನಿ, ಅವರು ದಾರಿ ಕೊಡ್ತಾರೆ ಅಂದರು ಅವರು. ಅವನು ಅದನ್ನು ಬಸ್ಸಿನಲ್ಲಿ ಎಲ್ಲರಿಗೂ ಹೇಳುತ್ತಲೇ ಬಂದ. ನಾನು ಸೀಟಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ, ಗಂಟಲು ಕಟ್ಟಿ ಬಂತು.

ಸೊಪ್ಪು ಮಾರುವವರನ್ನು ಕೇಳಿದ್ದೂ ಸೇರಿ ಪಟ್ಟಿ ಐವತ್ತೆಂಟಾಯಿತು. ಮುಂದಿನ ವಾರ ನಡೆದುಕೊಂಡೇ ಪಂಚಾಯಿತಿ ಗ್ರಂಥಾಲಯಕ್ಕೆ ಹೋದೆವು. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಒಂದೇ ಕೋಣೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನಮ್ಮ ಮಕ್ಕಳಲ್ಲಿ ಅರ್ಧ ಜನ ಒಳಗೆ ಕಾಲಿಟ್ಟಿರಲಿಲ್ಲ. ಅದು ದೊಡ್ಡವರು ಪೇಪರ್ ಓದುವ ಜಾಗ ಅಂದುಕೊಂಡಿದ್ದರು.

ಅಲ್ಲೂ ನಾನು ಬಾಗಿಲಲ್ಲೇ ಕೂತೆ. ಅರ್ಜಿ ತುಂಬುವುದು, ರಿಜಿಸ್ಟರಿನಲ್ಲಿ ಹೆಸರು ಬರೆದು ಸಹಿ ಮಾಡುವುದು ಎಲ್ಲ ಅವರದೇ. ಸಹಿ ಅಂದರೆ ಏನು ಅಂತ ಅಲ್ಲೇ ಗೊತ್ತಾಯಿತು ಕೆಲವರಿಗೆ. ಒಬ್ಬಳಂತೂ ಕೈಯ ಮೇಲೆ ಪೆನ್ನಿನಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿ ಆಮೇಲೆ ಬರೆದಳು. ಸೊಪ್ಪಿನ ಪುಸ್ತಕ ಎಲ್ಲಿದೆ ಅಂತ ಕೇಳಿದಾಗ ಗ್ರಂಥಪಾಲಕಿ, ಅಡುಗೆಯದ್ದೋ, ಔಷಧಿಯದ್ದೋ, ಕೃಷಿಯದ್ದೋ ಅಂತ ತಿರುಗಿ ಕೇಳಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೇ ಸೊಪ್ಪು ಮೂರು ಕಪಾಟಿನಲ್ಲಿ ಇರಬಹುದು ಅಲ್ವಾ, ಅದು ಅವರಿಗೆ ಹೊಸದು. ಮೂರನ್ನೂ ಹುಡುಕಿ ಇನ್ನೂ ಐದು ಹೆಸರು ಸೇರಿಸಿದರು.

108 ಇನ್ನೂ ಆಗಿಲ್ಲ. ಪಟ್ಟಿಯ ನೋಟ್‌ಬುಕ್ಕನ್ನು ಗ್ರಂಥಾಲಯದ ಮೇಜಿನ ಮೇಲೇ ಬಿಡೋಣ, ಬಂದವರು ಬರೆಯಲಿ ಎಂದು ಹೇಳಿದ್ದು ಸಹಿ ಅಭ್ಯಾಸ ಮಾಡಿದ ಹುಡುಗಿ. ಹೋದ ಶನಿವಾರ ನೋಡಿದರೆ ಅರವತ್ತೇಳಕ್ಕೆ ಬಂದಿತ್ತು. ಕೊನೆಯ ಎರಡು ಹೆಸರು ನಡುಗುವ ಕೈಯ ದೊಡ್ಡ ಅಕ್ಷರದಲ್ಲಿದ್ದವು, ಪೇಪರ್ ಓದಲು ಬರುವ ಯಾರೋ ಅಜ್ಜನದು.